ಹೋಂ ಥಿಯೇಟರಿಗೆ ಇನ್ನೊಂದು ಆಂಪ್ಲಿಫೈಯರ್ ಬೇಕೇ?

ಶೇಂಗಾ ಮಾರಿದ ದುಡ್ಡು ಕೈಗೆ ಬಂತೆಂದರೆ ನಮ್ಮ ಕಡೆ ಮನೆಗಳಲ್ಲಿ ಖರ್ಚಿನ ಪಟ್ಟಿ ತಾನಾಗಿಯೇ ಉದ್ದವಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಾದರೂ ಸರಿ, ಕೆಲವು ಮನೆಗಳಿಗೆ ಈಗ ಹೋಂ ಥಿಯೇಟರೂ ಬಂದಿದೆ. ಅದು ಬಂದ ಸ್ವಲ್ಪ ದಿನಕ್ಕೇ ಮಕ್ಕಳು ಹೊಸ ರಾಗ ತೆಗೆಯುತ್ತಾರೆ: “ಅಮ್ಮಾ, ಸೌಂಡ್ ಸಾಲ್ತಿಲ್ಲ, ಬೇರೆ ಆಂಪ್ಲಿಫೈಯರ್ ಬೇಕು.” ಅದರ ಬೆಲೆಯೇನು ಕಡಿಮೆಯೇ? ದುಡ್ಡು ಬಿಚ್ಚುವ ಮುಂಚೆ ನಾಲ್ಕು ವಿಷಯ ತಿಳಿದುಕೊಳ್ಳೋಣ.

ರಿಸೀವರ್ ಎಂದರೆ ಟಿವಿಯ ಸದ್ದನ್ನು ಐದಾರು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ. ಅದರ ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇರುತ್ತದೆ. ಗುಡುಗಿನಂಥ ಸದ್ದು ಕೊಡುವ ಸಬ್‌ವೂಫರಿಗಂತೂ ಸಾಮಾನ್ಯವಾಗಿ ಅದರದೇ ಸ್ವಂತ ಆಂಪ್ಲಿಫೈಯರ್ ಇದ್ದು, ರಿಸೀವರಿನ ಭಾರ ಅರ್ಧ ಇಳಿದಂತೆಯೇ.

ಇನ್ನು ವ್ಯಾಟಿನ ಲೆಕ್ಕ. 80 ವ್ಯಾಟ್ ಇದ್ದದ್ದು 160 ಆದರೆ ಸದ್ದು ಎರಡು ಪಟ್ಟಾಗೋದಿಲ್ಲ. ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಸ್ವಲ್ಪ ಹೆಚ್ಚಾಯಿತು ಅನ್ನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು! ಹತ್ತು ಅಡಿ ದೂರ ಕೂತು ಧಾರಾವಾಹಿ ನೋಡಲು ಸಾಧಾರಣ ಸ್ಪೀಕರಿಗೆ ಒಂದು ವ್ಯಾಟೇ ಸಾಕು. ಸಿನಿಮಾದಲ್ಲಿ ಬಾಂಬು ಸಿಡಿದಾಗ ಮಾತ್ರ ಕ್ಷಣಹೊತ್ತು ಹತ್ತಾರು ವ್ಯಾಟ್ ಬೇಕಾದೀತು.

ಹಾಗಾದರೆ ಮಾತು ಕೇಳಿಸೋದಿಲ್ಲ ಯಾಕೆ? ನಮ್ಮ ಅತ್ತೆಯವರಿಗೂ ಹೀಗೇ ಆಗಿತ್ತು. ಹಾಡು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆಂಪ್ಲಿಫೈಯರ್ ಹಾಕಿಸಿ ಅಂದರು ಅಂಗಡಿಯವರೊಬ್ಬರು. ನೋಡಿದರೆ, ಮಾತು ಬರುವ ನಡುವಿನ ಸ್ಪೀಕರು ಟಿವಿ ಸ್ಟ್ಯಾಂಡಿನ ಕೆಳಗಿನ ಗೂಡಿನಲ್ಲಿ ಹುದುಗಿ ಕೂತಿತ್ತು. ಅದನ್ನು ಮುಂದಕ್ಕೆಳೆದು, ಮುಖ ತುಸು ಮೇಲೆತ್ತಿ ಇಟ್ಟೆವು. ರಿಸೀವರಿನ ಮೆನುವಿನಲ್ಲಿ ಅದೊಂದನ್ನೇ 3 ಡೆಸಿಬೆಲ್ ಏರಿಸಿದೆವು. ಕಲ್ಲಿನ ಗೋಡೆ, ಬರೀ ನೆಲ ಇದ್ದರೆ ಸದ್ದು ಮಾರ್ದನಿಸುತ್ತದೆ. ಅದಕ್ಕೆ ಗೋಡೆಗೊಂದು ಕಂಬಳಿ, ನೆಲಕ್ಕೊಂದು ಜಮಖಾನೆ. ಖರ್ಚು ಸೊನ್ನೆ. ಇಷ್ಟಾದರೂ ಹಿರಿಯರಿಗೆ ಮಾತು ತಿಳಿಯದಿದ್ದರೆ ಕಿವಿಯ ಡಾಕ್ಟರಿಗೆ ತೋರಿಸಿರಿ. ವಯಸ್ಸಾದವರಿಗೆ ‘ಸ’, ‘ತ’ದಂಥ ತೆಳು ಸದ್ದುಗಳು ಮೊದಲು ಮಸುಕಾಗುತ್ತವೆ, ವಾಲ್ಯೂಮ್ ಏರಿಸಿದರೆ ಅದು ಸರಿಹೋಗದು.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಅಷ್ಟು ದೊಡ್ಡ ಜನಸ್ತೋಮ ಉಸಿರು ಬಿಗಿಹಿಡಿಯುತ್ತದೆ. ಆಗ ಒಬ್ಬನ ದನಿಗೂ ಬಲ ಬರುತ್ತದೆ. ನಮ್ಮ ಮನೆಯಲ್ಲಿ ಮಿಕ್ಸಿ, ಕುಕ್ಕರು, ಫ್ಯಾನು ಎಲ್ಲಾ ಒಟ್ಟಿಗೆ ಹಾಡುತ್ತಿದ್ದರೆ ಎಷ್ಟು ವ್ಯಾಟ್ ಇದ್ದು ಏನು ಪ್ರಯೋಜನ?

ಹಾಗಂತ ಆಂಪ್ಲಿಫೈಯರ್ ಯಾರಿಗೂ ಬೇಡವೆಂದಲ್ಲ. ಈ ಸಂದರ್ಭಗಳಲ್ಲಿ ಬೇಕಾಗಬಹುದು:

1. ಕೋಣೆ ಬಹಳ ದೊಡ್ಡದಿದ್ದು, ಹದಿನೈದು ಇಪ್ಪತ್ತು ಅಡಿ ದೂರ ಕೂತು ಜೋರಾಗಿ ಕೇಳುವ ಅಭ್ಯಾಸವಿದ್ದರೆ.

2. ಸ್ಪೀಕರು 4 ಓಮ್‌ನದಾಗಿದ್ದು, ರಿಸೀವರಿನ ಹಿಂದೆ 6 ಅಥವಾ 8 ಓಮ್ ಎಂದು ಬರೆದಿದ್ದರೆ. ಓಮ್ ಕಡಿಮೆಯಾದಷ್ಟೂ ಸ್ಪೀಕರು ಹೆಚ್ಚು ಕರೆಂಟು ಎಳೆಯುತ್ತದೆ.

3. ಸ್ಪೀಕರಿನ ಸೆನ್ಸಿಟಿವಿಟಿ 83, 84 ಡೆಸಿಬೆಲ್‌ನಷ್ಟು ಕಡಿಮೆಯಿದ್ದರೆ.

4. ಜೋರು ಮಾಡಿದಾಗ ದನಿ ಒಡೆದು, ರಿಸೀವರು ತಾನಾಗಿಯೇ ಆಫ್ ಆಗುತ್ತಿದ್ದರೆ. ಆದರೆ ಮೊದಲು ಸ್ವಿಚ್ ಆರಿಸಿ, ಸ್ಪೀಕರಿನ ವೈರುಗಳು ಒಂದಕ್ಕೊಂದು ತಾಗಿವೆಯೇ ನೋಡಿರಿ. ನಮ್ಮ ಬೇಸಿಗೆಯಲ್ಲಿ ಪೆಟ್ಟಿಗೆಯ ಮೇಲೆ ಗೇಣುದ್ದವಾದರೂ ಗಾಳಿಯಾಡಬೇಕು. ಕಸೂತಿ ಬಟ್ಟೆ ಹೊದಿಸಬಾರದು.

ಇನ್ನೊಂದು ಮಾತು. ರಿಸೀವರಿನ ಹಿಂದೆ ‘ಪ್ರೀ ಔಟ್’ ಎಂಬ ತೂತುಗಳಿಲ್ಲದಿದ್ದರೆ ಬೇರೆ ಆಂಪ್ಲಿಫೈಯರನ್ನು ನೇರವಾಗಿ ಜೋಡಿಸಲು ಬರುವುದಿಲ್ಲ. ಕೊಳ್ಳುವ ಮುಂಚೆ ಇದನ್ನು ಅವಶ್ಯ ನೋಡಿಕೊಳ್ಳಿ.

ಕೊಳ್ಳಲೇಬೇಕೆಂದರೆ ಒಂದೆರಡು ದಿನ ಮನೆಗೆ ತರಿಸಿ, ಎರಡನ್ನೂ ಒಂದೇ ಮಟ್ಟದ ಸದ್ದಿನಲ್ಲಿಟ್ಟು ಕೇಳಿರಿ. ತುಸು ಜೋರಾಗಿರುವುದೇ ಚೆಂದ ಅನ್ನಿಸುವುದು ಕಿವಿಯ ಸ್ವಭಾವ. ಮನೆಮಂದಿಗೆಲ್ಲ ವ್ಯತ್ಯಾಸ ತಿಳಿದರೆ ಕೊಳ್ಳಿರಿ. ತಿಳಿಯದಿದ್ದರೆ ಆ ದುಡ್ಡು ಮಕ್ಕಳ ಫೀಸಿಗಾದೀತು.