ತಂಗುದಾಣದ ಒಳಗೆ ಉಮ್ಮನಿಗೆ ಜಾಗ ಉಂಟಾ?

ಬೆಂಗಳೂರಿನ ವಿಜಯನಗರದ ಪಕ್ಕ ಹೊಸಹಳ್ಳಿ ಅಂತ ಒಂದು ಮೆಟ್ರೊ ನಿಲ್ದಾಣ ಉಂಟು. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆವರೆಗೆ ರೈಲು ಓಡಲು ಶುರುವಾದ 2015ರ ನವೆಂಬರಿನಲ್ಲಿ ತೆರೆದದ್ದು. ಹಳ್ಳಿ ಉಳಿದಿರುವುದು ಹೆಸರಿನಲ್ಲಿ ಮಾತ್ರ. ಊರಿನಿಂದ ಮಗನ ಮನೆಗೆ ಬಂದ ನಮ್ಮ ಉಮ್ಮಂದಿರು ಅಲ್ಲಿ ಯಾವ ಸಂಕೋಚವೂ ಇಲ್ಲದೆ ರೈಲಿಗೆ ಕಾಯುತ್ತಾರೆ. ಅದೇ ಉಮ್ಮ ಊರಿನ ಬಸ್ ತಂಗುದಾಣದಲ್ಲಿ ಮಳೆಗೆ ಕೊಡೆ ಹಿಡಿದು ಹೊರಗೆ ನಿಂತಿರುತ್ತಾರೆ. ಒಳಗೆ ಹುಡುಗರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ.

ಊರಿನ ಹಳೆ ತಂಗುದಾಣ ನಿಮಗೆ ಗೊತ್ತೇ ಇದೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಮೂರು ಬದಿಗೆ ಸಿಮೆಂಟಿನ ಕಟ್ಟೆ, ತೀರಿಹೋದ ಹಿರಿಯರೊಬ್ಬರ ಸ್ಮರಣಾರ್ಥ ಅಂತ ಕೆತ್ತಿದ ಕಲ್ಲು. ಮಕ್ಕಳು ಗಲ್ಫಿನಿಂದ ದುಡ್ಡು ಕಳಿಸಿದ್ದು, ಯುವಕರ ಸಂಘ ನಿಂತು ಕಟ್ಟಿಸಿದ್ದು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಬಿ.ಸಿ.ರೋಡ್-ಅಡ್ಡಹೊಳೆಯಂಥ ಹೆದ್ದಾರಿಯಲ್ಲಿ ರಸ್ತೆ ಅಗಲವಾಗುವಾಗ ಇಂಥವು ಹೋದವು. ಒಳರಸ್ತೆಗಳಲ್ಲಿ ಉಳಿದವುಗಳ ಅವಸ್ಥೆ ಕೇಳಬೇಡಿ: ಜಾರಿದ ಹಂಚು, ಒಡೆದ ಕಟ್ಟೆ, ಮೂಲೆಯಲ್ಲಿ ಗುಟ್ಕಾದ ಉಗುಳು, ಹೋದ ಚುನಾವಣೆಯ ಪೋಸ್ಟರು.

ಸರಿ ಮಾಡುವುದು ಕಷ್ಟದ ಕೆಲಸವೇನಲ್ಲ. ಮೊದಲು ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು ನಿರ್ಣಯದಲ್ಲಿ ಬರೆಸಿಕೊಳ್ಳಿ. ಜಾಗ ಪಂಚಾಯತಿನದ್ದೋ, ಲೋಕೋಪಯೋಗಿ ಇಲಾಖೆಯದ್ದೋ ಅಂತ ಆಗಲೇ ಗೊತ್ತಾಗಲಿ; ಬಣ್ಣ ಬಳಿದ ಮೇಲೆ ನೋಟಿಸು ಬಂದರೆ ಯಾರಿಗೆ ಬೇಕು ಮಾರಾಯ್ರೆ? ಆಮೇಲೆ ಮಾಡು. ಊರಲ್ಲಿ ಹಳೆ ಮನೆ ಕೆಡವುವಾಗ ಗಟ್ಟಿ ಹಂಚು ಸಿಗುತ್ತದೆ, ಕೇಳಿದರೆ ಧರ್ಮಕ್ಕೂ ಕೊಟ್ಟಾರು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಊರು ನಮ್ಮದು, ತಗಡಿನ ಶೀಟಿಗೆ ಯಾಕೆ ಹೋಗಬೇಕು? ಶೀಟಿನ ಅಡಿಯಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಕೂತು ನೋಡಿ.

ಇತ್ತೀಚೆಗೆ ಕೆಲವರು ತಂಗುದಾಣದಲ್ಲಿ ಪುಸ್ತಕದ ಕಪಾಟು ಇಡುವ ಮಾತಾಡುತ್ತಾರೆ. ಒಳ್ಳೆಯದೇ, ಆದರೆ ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ದಿನಾ ಎರಡು ಪತ್ರಿಕೆ, ಮುಚ್ಚಳ ಇರುವ ಕುಡಿಯುವ ನೀರು, ಒಂದು ಲೈಟು, ಆಂಬುಲೆನ್ಸ್ ನಂಬರು ಸಾಕು.

ಬಣ್ಣದ ಮಾತೂ ಬರುತ್ತದೆ. 2022ರಲ್ಲಿ ಮೈಸೂರು-ಊಟಿ ರಸ್ತೆಯ ತಂಗುದಾಣದ ಗುಂಬಜಿನ ಬಗ್ಗೆ ಗದ್ದಲ ಎದ್ದು, ಮೂರರಲ್ಲಿ ಎರಡನ್ನು ತೆಗೆದದ್ದು ನೆನಪಿರಬಹುದು. ಇಲ್ಲಿ ಕೇಸರಿಯೂ ಬೇಡ, ಹಸಿರೂ ಬೇಡ. ಸುಣ್ಣದ ಬಿಳಿ ಬಳಿಯಿರಿ. ಬಸ್ಸಿಗೆ ಕಾಯುವವರು ಎಲ್ಲಾ ಜಾತಿಯವರು.

ಇಷ್ಟೆಲ್ಲ ಆದ ಮೇಲೂ ಕಟ್ಟೆಯಲ್ಲಿ ಹುಡುಗರೇ ಕೂತಿದ್ದರೆ ಖರ್ಚು ಮಾಡಿದ್ದು ಯಾರಿಗೆ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ, ಸರಕಾರಿ ಬಸ್ಸೇ ಹೆಚ್ಚಿರುವ ಪುತ್ತೂರು, ಸುಳ್ಯದ ಕಡೆ ಹೆಂಗಸರ ಓಡಾಟ ಜಾಸ್ತಿಯಾಗಿದೆ. ಆಸ್ಪತ್ರೆಗೆ, ಕಾಲೇಜಿಗೆ, ತವರಿಗೆ ಅಂತ ಒಬ್ಬೊಬ್ಬರೇ ಹೊರಡುತ್ತಾರೆ. ಹುಡುಗರನ್ನು ಕೇಳಿದರೆ, "ನಾವು ಬರ್ಬೇಡಿ ಹೇಳಿದ್ದಾ?" ಅಂತಾರೆ. ಹೇಳಿಲ್ಲ, ನಿಜ. ಎದ್ದು ಜಾಗವನ್ನೂ ಕೊಟ್ಟಿಲ್ಲ. ಗೋಡೆಯಲ್ಲಿ "ಮಹಿಳೆಯರಿಗೆ" ಅಂತ ಬರೆಸಿದರೆ ಮಾತ್ರ ಸಾಲದು. ಜಮಾಅತಿನ ಹಿರಿಯರು, ಸಂಘದ ಪದಾಧಿಕಾರಿಗಳು ನಾಲ್ಕು ದಿನ ಬೆಳಿಗ್ಗೆ ಅಲ್ಲಿ ಹೋಗಿ ನಿಲ್ಲಬೇಕು, ತಮ್ಮ ಮಕ್ಕಳನ್ನು ತಾವೇ ಎಬ್ಬಿಸಬೇಕು. ರಿಪೇರಿಯ ಸಮಿತಿಯಲ್ಲೂ ಇಬ್ಬರು ಹೆಂಗಸರು ಇರಲಿ. ಕಟ್ಟೆ ಎಷ್ಟು ಎತ್ತರ ಇದ್ದರೆ ಮಂಡಿ ನೋವಿನವರಿಗೆ ಕೂತು ಏಳಲಿಕ್ಕೆ ಆಗುತ್ತದೆ ಅಂತ ಮೇಸ್ತ್ರಿಗೆ ಅವರೇ ಹೇಳಲಿ.