ಮಿಷನ್ ಕಾಂಪೌಂಡಿನ ಹಳೆಯ ಚರ್ಚು: ಚರಿತ್ರೆ ಹುಡುಕುವ ಬಗೆ

ಹಾಸನ ಸೀಮೆಯಲ್ಲಿ ‘ಮಿಷನ್ ಚರ್ಚು’ ಎಂದು ಕರೆಸಿಕೊಳ್ಳುವ ಹಳೆಯ ಪ್ರಾಟೆಸ್ಟೆಂಟ್ ಆರಾಧನಾ ಮಂದಿರದ ಬೇರು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನಲ್ಲಿದೆ. ಜಾನ್ ವೆಸ್ಲಿಯ (1703–1791) ಅನುಯಾಯಿಗಳ ಈ ಸಂಸ್ಥೆ 1821ರಲ್ಲಿ ಬೆಂಗಳೂರಿಗೆ ಬಂತು. ಮೊದಲಿಗೆ ದಂಡಿನ ಪ್ರದೇಶದ ತಮಿಳು ಜನರ ನಡುವೆ ಕೆಲಸ ಮಾಡಿತು. ಕನ್ನಡದ ಕೆಲಸ ಕುದುರಿದ್ದು 1830ರ ದಶಕದ ಕೊನೆಯಲ್ಲಿ. 1837ರಲ್ಲಿ ಗುಬ್ಬಿ, 1839ರಲ್ಲಿ ಮೈಸೂರು, ಆಮೇಲೆ ತುಮಕೂರು, ಶಿವಮೊಗ್ಗ, ಹಾಸನ. ಗುಬ್ಬಿಯಲ್ಲಿ ನೆಲೆ ನಿಂತ ಥಾಮಸ್ ಹಾಡ್ಸನ್ 1859ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದವರು. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು 1858ರಲ್ಲಿ ಪರಿಷ್ಕರಿಸಿದ ಡೇನಿಯಲ್ ಸ್ಯಾಂಡರ್ಸನ್ ಕೂಡ ಇದೇ ಮಿಷನ್ನಿನವರು. ಅವರ ಪುಸ್ತಕಗಳಿಗೆ ಸಾಹಿತ್ಯ ಚರಿತ್ರೆಯಲ್ಲಿ ಜಾಗ ಸಿಕ್ಕಿದೆ. ಅವರ ಮಿಷನ್ನಿನ ಕಟ್ಟಡಗಳಿಗೆ ಸ್ಥಳೀಯ ಚರಿತ್ರೆಯಲ್ಲಿ ಅಷ್ಟು ಸಿಕ್ಕಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಇರುವ ಜಿಲ್ಲೆಯಲ್ಲಿ ಹೆಂಚು ಹೊದಿಸಿದ ಹತ್ತೊಂಬತ್ತನೆಯ ಶತಮಾನದ ಕಟ್ಟಡ ಯಾರ ಕಣ್ಣಿಗೆ ಬೀಳಬೇಕು? ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ (1902) ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಊರೂರು ತಿರುಗಿ ಶಾಸನಗಳನ್ನು ಓದಿಕೊಟ್ಟಿದೆ. ಚರ್ಚಿನ ಗೋಡೆಯ ಫಲಕವೂ ಗೋರಿಯ ಕಲ್ಲೂ ಆ ಅರ್ಥದ ಶಾಸನಗಳಲ್ಲ. ಹಾಗಾಗಿ ಇಂಥ ಕಟ್ಟಡದ ಚರಿತ್ರೆ ಬರೆಯಹೊರಟವರು ಆಧಾರಗಳನ್ನು ತಾವೇ ಒಂದೊಂದಾಗಿ ಕೂಡಿಸಿಕೊಳ್ಳಬೇಕಾಗುತ್ತದೆ.

ಮೊದಲು ಇತ್ಯರ್ಥವಾಗಬೇಕಾದದ್ದು ಚರ್ಚು ಯಾವ ಮೆಥಡಿಸ್ಟರದು ಎಂಬುದು. ಕರ್ನಾಟಕದಲ್ಲಿ ಎರಡು ಮೆಥಡಿಸ್ಟ್ ಪರಂಪರೆಗಳಿವೆ. ಹಳೆಯ ಮೈಸೂರು ಸಂಸ್ಥಾನದ ಹೆಚ್ಚಿನ ಊರುಗಳಲ್ಲಿ ಕೆಲಸ ಮಾಡಿದವರು ಬ್ರಿಟಿಷ್ ವೆಸ್ಲಿಯನ್ನರು. ಬೀದರ್, ಬೆಳಗಾವಿ, ಕೋಲಾರದ ಕಡೆ ಬೇರೂರಿದ್ದು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಂಸ್ಥೆ. ಬೆಂಗಳೂರಿನ ಬಾಲ್ಡ್ವಿನ್ ಶಾಲೆಗಳು ಅದರವೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಉದಯವಾದಾಗ ಬ್ರಿಟಿಷ್ ಮೆಥಡಿಸ್ಟರು ಆಂಗ್ಲಿಕನ್ ಮೊದಲಾದ ಸಭೆಗಳ ಜೊತೆ ಅದರಲ್ಲಿ ಸೇರಿಹೋದರು. ಅಮೆರಿಕನ್ ಪರಂಪರೆಯವರು ಹೊರಗೇ ಉಳಿದರು; 1981ರಲ್ಲಿ ಅವರದು ‘ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಹಾಸನದ ಮೆಥಡಿಸ್ಟ್ ಚರ್ಚನ್ನು ಇವತ್ತಿನ ಮೆಥಡಿಸ್ಟರ ಪಟ್ಟಿಯಲ್ಲಿ ಹುಡುಕಿದರೆ ಸಿಗದಿರುವುದು ಇದರಿಂದಲೇ. ಅದರ ಬೋರ್ಡಿನ ಮೇಲೆ ಈಗ ಸಿ.ಎಸ್.ಐ. ಎಂದಿರುತ್ತದೆ, ಆಡಳಿತ ಮಂಗಳೂರಿನಲ್ಲಿ ಕೇಂದ್ರವಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತದ್ದು.

ಕ್ಯಾಥೊಲಿಕರದು ಇವೆರಡಕ್ಕೂ ಹಿಂದಿನ, ಬೇರೆಯದೇ ಕಥೆ. ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಸ್ ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತರಿಗೆ ಒಕ್ಕಲುತನದ ನೆಲೆ ಮಾಡಿಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದ ಆರಂಭದ ಮಾತು. ಗೊರೂರು ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ರೋಸರಿ ಚರ್ಚು ಫ್ರೆಂಚ್ ಪಾದ್ರಿಗಳದು. ಅದರ ಫೋಟೋಗಳು ಎಲ್ಲೆಡೆ ಓಡಾಡುವುದರಿಂದ ‘ಹಾಸನದ ಹಳೆಯ ಚರ್ಚು’ ಎಂದೊಡನೆ ಜನ ಅದನ್ನೇ ನೆನೆಯುತ್ತಾರೆ. ವೆಸ್ಲಿಯನ್ನರಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಕಟ್ಟಡ. ವೆಸ್ಲಿಯನ್ ಮಂದಿರಗಳಲ್ಲಿ ಅಲಂಕಾರಕ್ಕಿಂತ ಪ್ರಸಂಗಕ್ಕೆ ಮಹತ್ವ. ಪ್ರಸಂಗಪೀಠ ಎಲ್ಲರ ಕಣ್ಣಿಗೂ ಕಾಣಬೇಕು, ಮಾತು ಕೊನೆಯ ಬೆಂಚಿಗೂ ಕೇಳಬೇಕು. ಅದರ ಮುಂದೆ ಕರ್ತನ ಭೋಜನಕ್ಕೆ ಮೊಣಕಾಲೂರುವ ಮರದ ಕಟಕಟೆ. ಪ್ರಸಂಗಪೀಠ ಈಗ ಒಂದು ಪಕ್ಕಕ್ಕೆ ಸರಿದು, ಬಲಿಪೀಠದಂಥ ಮೇಜು ನಡುವೆ ಬಂದಿದ್ದರೆ 1947ರ ಈಚೆಗೆ ಆರಾಧನೆಯ ಕ್ರಮದೊಂದಿಗೆ ಒಳಗಿನ ಏರ್ಪಾಟೂ ಬದಲಾಗಿರುವ ಸಾಧ್ಯತೆಯಿದೆ. ಹಳೆಯ ಪೀಠ ನಿಂತಿದ್ದ ಗುರುತು ನೆಲದ ಕಲ್ಲಿನಲ್ಲಿ ಕೆಲವೊಮ್ಮೆ ಹಾಗೇ ಉಳಿದಿರುತ್ತದೆ.

ಹೆಂಚು ಹೆಚ್ಚು ಮಾತಾಡುತ್ತದೆ, ದಾರಿಯನ್ನೂ ತಪ್ಪಿಸುತ್ತದೆ. ಮಂಗಳೂರು ಹೆಂಚನ್ನು ತಿರುವಿ ಹಾಕಿದರೆ ಅಡಿಭಾಗದಲ್ಲಿ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ‘ಬಾಸೆಲ್ ಮಿಷನ್ 1865’ ಎಂಬ ಮುದ್ರೆ ಕಂಡ ಕೂಡಲೇ ಚರ್ಚಿನ ವಯಸ್ಸು ಸಿಕ್ಕಿತೆಂದು ಹಿಗ್ಗುವವರುಂಟು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಚರ್ಚು ಕಟ್ಟಿದ ವರ್ಷವಲ್ಲ. ಆ ವರ್ಷವನ್ನು ಮುಂದೆ ದಶಕಗಳ ಕಾಲ ಅಚ್ಚಿನಲ್ಲಿ ಒತ್ತುತ್ತಲೇ ಇದ್ದರು. ಮೊದಲ ಮಹಾಯುದ್ಧದ ತರುವಾಯ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹಾಗಾಗಿ ‘ಕಾಮನ್‌ವೆಲ್ತ್’ ಎಂದಿರುವ ಹೆಂಚು ಅದಕ್ಕಿಂತ ಹಳೆಯದಾಗಿರಲಾರದು. ಒಂದೇ ಮಾಡಿನ ಮೇಲೆ ಎರಡು ಬಗೆಯ ಮುದ್ರೆ ಇದ್ದರೆ ನಡುವೆ ಎಂದೋ ಹೆಂಚು ಬದಲಿಸಿದ್ದಾರೆ ಎಂದಾಯಿತು. ಹೆಂಚು ಮಾಡಿನ ವಯಸ್ಸು ಹೇಳೀತು, ಗೋಡೆಯದಲ್ಲ. ಗೋಡೆಗೆ ಇಟ್ಟಿಗೆಯ ಅಳತೆ, ಗಾರೆಯ ಗುಣ, ಕಿಟಕಿಯ ಕಮಾನು ನೋಡಬೇಕು. ಸಿಮೆಂಟು ಬಳಿದ ಜಾಗ ಎಂದರೆ ರಿಪೇರಿಯಾದ ಜಾಗ.

ಅಸ್ತಿಭಾರದ ಕಲ್ಲಿದ್ದರೆ ಕೆಲಸ ಮುಗಿಯಿತೆಂದೂ ಅಲ್ಲ. ಅಸ್ತಿಭಾರ ಹಾಕಿದ ದಿನ, ಪ್ರತಿಷ್ಠೆಯ ದಿನ, ಸಭೆ ಮೊದಲು ಕೂಡಿದ ದಿನ ಇವು ಮೂರು ಬೇರೆ ಬೇರೆ. ಎಷ್ಟೋ ಕಡೆ ಸಭೆ ಮೊದಲು ಸೇರಿದ್ದು ಮಿಷನ್ ಶಾಲೆಯ ಕೋಣೆಯಲ್ಲಿ. ಚರ್ಚು ಎದ್ದದ್ದು ಎಷ್ಟೋ ವರ್ಷಗಳ ಮೇಲೆ. ಶತಮಾನೋತ್ಸವದ ಸ್ಮರಣ ಸಂಚಿಕೆ ಯಾವ ದಿನದಿಂದ ಎಣಿಸಿದೆ ಎಂದು ವಿಚಾರಿಸದೆ ಅದರ ಲೆಕ್ಕವನ್ನು ಒಪ್ಪಬಾರದು.

ಜಾಗದ ಚರಿತ್ರೆಗೆ ಭೂದಾಖಲೆಗಳೇ ಗತಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆಯ ಆಕಾರಬಂದ್, ಟಿಪ್ಪಣಿ, ಹಳೆಯ ಗ್ರಾಮನಕ್ಷೆ; ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ. ಜಮೀನು ಸರ್ಕಾರದ ಮಂಜೂರಾತಿಯೋ ಖಾಸಗಿ ಕ್ರಯವೋ ಎಂಬುದು ಅಲ್ಲೇ ಗೊತ್ತಾಗಬೇಕು. 1947ರ ನಂತರ ಆಸ್ತಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ನಿನ ಹೆಸರಿಗೆ ಬಂದಿರುವುದರಿಂದ ಅದಕ್ಕೆ ಹಿಂದಿನ ಖಾತೆಯನ್ನು ಮಿಷನ್ನಿನ ಹೆಸರಿನಲ್ಲೋ ಆ ಕಾಲದ ಮಿಷನರಿಯ ಹೆಸರಿನಲ್ಲೋ ಹುಡುಕಬೇಕು. ಹಾಸನಕ್ಕೆ ಸೀಮಿತವಾದ ಒಂದು ತೊಡಕೂ ಇದೆ. 1882ರಲ್ಲಿ ಸಂಸ್ಥಾನ ಖರ್ಚು ಕಡಿತ ಮಾಡುವಾಗ ಹಾಸನ ಜಿಲ್ಲೆಯನ್ನು ಇಳಿಸಿ ಕಡೂರು ಜಿಲ್ಲೆಯ ಉಪವಿಭಾಗ ಮಾಡಿತು. 1886ರಲ್ಲಿ ಮತ್ತೆ ಜಿಲ್ಲೆಯಾಯಿತು. ಆ ನಾಲ್ಕು ವರ್ಷಗಳ ಪತ್ರವ್ಯವಹಾರ ಕಡೂರಿನ ಕಡತಗಳಲ್ಲಿ ಇರಬಹುದೆಂದು ನೆನಪಿಟ್ಟುಕೊಂಡವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಅಲೆದಾಟ ಕಡಿಮೆ.

ಚರ್ಚಿನ ಬೀರುವಿನಲ್ಲಿರುವುದು ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ರಿಜಿಸ್ಟರುಗಳು, ಸಭಾ ಕಮಿಟಿಯ ನಡಾವಳಿ ಪುಸ್ತಕ, ಕಾಣಿಕೆಯ ಲೆಕ್ಕ. ಇವುಗಳಲ್ಲಿ ಲೆಕ್ಕದ ಪುಸ್ತಕವನ್ನು ಯಾರೂ ಕೇಳುವುದಿಲ್ಲ. ಕಟ್ಟಡದ ಚರಿತ್ರೆಗೆ ಅದೇ ಮೇಲು. ಸುಣ್ಣ, ಮರ, ಹೆಂಚು, ಗಾಡಿ ಬಾಡಿಗೆ ಎಂದು ದಿನವಹಿ ಬರೆದಿಟ್ಟ ಖರ್ಚು ಯಾವ ವರ್ಷ ಏನು ಕಟ್ಟಿದರು ಎಂಬುದನ್ನು ಸ್ಮರಣ ಸಂಚಿಕೆಗಿಂತ ಚೆನ್ನಾಗಿ ಹೇಳುತ್ತದೆ. ರಿಜಿಸ್ಟರಿನಲ್ಲಿ ಈಗಿನ ಕುಟುಂಬಗಳ ಖಾಸಗಿ ವಿವರಗಳೂ ಇರುವುದರಿಂದ ಸಭಾಪಾಲಕರ ಅನುಮತಿ ಬೇಕೇಬೇಕು. ಸಿಕ್ಕಿದ್ದನ್ನೆಲ್ಲ ಅಚ್ಚು ಹಾಕುವ ಹಕ್ಕು ಯಾರಿಗೂ ಬರುವುದಿಲ್ಲ.

ಉಳಿದ ಕಾಗದಗಳೆಲ್ಲ ಊರಿನ ಹೊರಗಿವೆ, ಬಹುಪಾಲು ಲಂಡನ್ನಿನಲ್ಲಿ. ಮೆಥಡಿಸ್ಟ್ ಮಿಷನರಿ ಸೊಸೈಟಿಯ ದಾಖಲೆಗಳು 1978ರಿಂದ ಲಂಡನ್ ವಿಶ್ವವಿದ್ಯಾಲಯದ ಸೋಆಸ್ ಗ್ರಂಥಾಲಯದಲ್ಲಿವೆ: ಮಿಷನರಿಗಳ ಪತ್ರ, ಸಿನಡ್ ನಡಾವಳಿ, ವರದಿ, ಫೋಟೋ. ಬ್ರಿಟಿಷ್ ಮೆಥಡಿಸ್ಟ್ ಕಾನ್ಫರೆನ್ಸ್ ವರ್ಷವರ್ಷವೂ ಅಚ್ಚು ಹಾಕುತ್ತಿದ್ದ ನಡಾವಳಿಯಲ್ಲಿ ಯಾವ ಊರಿಗೆ ಯಾರ ನೇಮಕವಾಯಿತೆಂಬ ಪಟ್ಟಿಯಿರುತ್ತದೆ. ಅದನ್ನು ಸಾಲಾಗಿ ನೋಡಿಕೊಂಡು ಹೋದರೆ ಹಾಸನದಲ್ಲಿ ಇದ್ದವರ ಸರಣಿ ಕೂಡಿಬರುತ್ತದೆ. ಅಷ್ಟು ದೂರ ಹೋಗಲಾಗದವರಿಗೆ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರ ಹತ್ತಿರ. ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಬಾಸೆಲ್ ಮಿಷನ್ ದಾಖಲೆಗಳಿಗೆ ಹೆಸರಾದದ್ದು. ವೆಸ್ಲಿಯನ್ ವಿಷಯಕ್ಕೆ ಅಲ್ಲಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಮಿಷನ್ನು ಮೈಸೂರಿನಿಂದ ಹೊರಡಿಸುತ್ತಿದ್ದ ಕನ್ನಡ ವಾರಪತ್ರಿಕೆ ‘ವೃತ್ತಾಂತ ಪತ್ರಿಕೆ’, ಇಂಗ್ಲಿಷ್ ಮಾಸಿಕ ‘ಹಾರ್ವೆಸ್ಟ್ ಫೀಲ್ಡ್’ ಇವುಗಳ ಬಿಡಿ ಸಂಚಿಕೆ ಎಲ್ಲೇ ಸಿಕ್ಕಲಿ, ತಿರುವಿ ನೋಡದೆ ಬಿಡಬಾರದು.

ಈ ಇಂಗ್ಲಿಷ್ ವರದಿಗಳಲ್ಲಿ ಊರಿನ ಹೆಸರು ಯಾವ ವೇಷದಲ್ಲಾದರೂ ಬಂದೀತು. ಬರೀ ‘ನರ್ಸಿಪುರ್’ ಎಂದಿದ್ದರೆ ಅದು ಹೇಮಾವತಿ ದಂಡೆಯ ಹೊಳೆನರಸೀಪುರವೋ ಕಾವೇರಿ ದಂಡೆಯ ತಿರುಮಕೂಡಲು ನರಸೀಪುರವೋ ಹಿಂದುಮುಂದು ನೋಡಿಯೇ ಹೇಳಬೇಕು. ಚನ್ನರಾಯಪಟ್ಟಣ, ಚನ್ನಪಟ್ಟಣಗಳದೂ ಅದೇ ಗೋಳು. ಮೆಥಡಿಸ್ಟರ ಸರ್ಕಿಟ್ ಪದ್ಧತಿಯನ್ನೂ ತಿಳಿದಿರಬೇಕು: ಸರ್ಕಿಟ್ ಎಂದರೆ ಒಬ್ಬ ಮಿಷನರಿಯ ಮೇಲ್ವಿಚಾರಣೆಗೆ ಬಿದ್ದ ಸುತ್ತಲ ಸಭೆ, ಶಾಲೆ, ಉಪದೇಶಿಗಳ ಒಟ್ಟು ಗುಂಪು. ವರದಿಯಲ್ಲಿ ‘ಹಾಸನ ಸರ್ಕಿಟ್’ ಎಂದು ಕೊಟ್ಟ ಸದಸ್ಯರ ಸಂಖ್ಯೆಯನ್ನು ಪಟ್ಟಣದ ಒಂದು ಚರ್ಚಿನದೆಂದು ತೆಗೆದುಕೊಂಡರೆ ಲೆಕ್ಕ ಕೆಡುತ್ತದೆ.

ಹಾಸನದ ಮಿಷನ್ ಚರಿತ್ರೆಯಲ್ಲಿ ಎಲ್ಲಕ್ಕಿಂತ ತೂಕದ ಅಧ್ಯಾಯ 1876–78ರ ಮಹಾ ಬರಗಾಲದ್ದು. ಧಾತು ಈಶ್ವರ ಬರ ಎಂದು ಹಳೆಯ ಮೈಸೂರಿನ ಜನ ನೆನೆಯುವ ಆ ಕಾಲದಲ್ಲಿ ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು, ಅಪ್ಪ ಅಮ್ಮನಿಲ್ಲದ ಮಕ್ಕಳು ಬೀದಿಗೆ ಬಿದ್ದರು. ವೆಸ್ಲಿಯನ್ ಮಿಷನ್ನು ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ತೆರೆಯಿತು. ಬರಕ್ಕೆ ಮುಂಚಿನ ಪುಟ್ಟ ಸಭೆಗೂ ಬರದ ನಂತರದ ಸಭೆಗೂ ಅಂತರವಿರುವುದು ಇದರಿಂದ. ಅನಾಥಾಲಯದ ಹುಡುಗಿಯರು ಬೆಳೆದು ಮಿಷನ್ ಶಾಲೆಯ ಉಪಾಧ್ಯಾಯಿನಿಯರಾಗುವುದು, ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿಹೇಳುವ ಬೈಬಲ್ ವುಮನ್ ಆಗುವುದು, ಉಪದೇಶಿಯ ಹೆಂಡತಿಯಾಗುವುದು ಅಂದಿನ ಮಿಷನ್ ಊರುಗಳಲ್ಲಿ ನಡೆದುಬಂದ ದಾರಿ. ಇಂಥವರ ಹಿಂದಿನ ಊರು, ಮನೆತನ ರಿಜಿಸ್ಟರಿನಲ್ಲಿ ಸಿಗುವುದು ಅಪರೂಪ. ದೀಕ್ಷಾಸ್ನಾನದಲ್ಲಿಟ್ಟ ಹೊಸ ಹೆಸರಿನಿಂದಲೇ ಎಷ್ಟೋ ವಂಶಾವಳಿ ಆರಂಭವಾಗುತ್ತದೆ. ಮಿಷನರಿಗಳ ಹೆಸರಿನ ಪಟ್ಟಿಯೊಂದನ್ನೇ ಚರ್ಚಿನ ಚರಿತ್ರೆ ಎಂದುಕೊಂಡವರು ಬರಹದಿಂದ ಬಿಟ್ಟುಬಿಡುವುದು ಇವರನ್ನೇ.

ಚರ್ಚನ್ನು ಕಾಂಪೌಂಡಿನಿಂದ ಬೇರ್ಪಡಿಸಿ ನೋಡಲಾಗದು ಎನ್ನುವುದಕ್ಕೆ ಆಸ್ಪತ್ರೆಯೂ ಸಾಕ್ಷಿ. ಮಿಷನ್ನು ಕಟ್ಟಿದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಸಿ.ಎಸ್.ಐ. ಆಶ್ರಯದಲ್ಲಿ ಹಾಸನದಲ್ಲಿ ಮುಂದುವರಿದು ಬಂದಿದೆ. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಚರ್ಚಿನ ಬಾಗಿಲು ಎಂದೂ ತುಳಿಯದ ಹೊಳೆನರಸೀಪುರ, ಅರಕಲಗೂಡಿನ ಹಳ್ಳಿಗರೂ ಹೆರಿಗೆಗೆ ಅಲ್ಲಿಗೆ ಬಂದು ಹೋದವರು. ಹಾಗಾಗಿ ಬಾಯಿಮಾತಿನ ಚರಿತ್ರೆ ಕೇಳುವಾಗ ಕ್ರೈಸ್ತ ಕುಟುಂಬಗಳ ಹಿರಿಯರನ್ನಷ್ಟೇ ಕಂಡರೆ ಸಾಲದು. ನಿವೃತ್ತ ನರ್ಸುಗಳು, ಮಿಷನ್ ಶಾಲೆಯಲ್ಲಿ ಓದಿದ ಬೇರೆ ಮತದವರು, ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ, ಬಾಳೆಗೊನೆ ಕೂಗಿಕೊಂಡ ನೆನಪಿರುವ ನೆರೆಹೊರೆಯವರು ಹೇಳುವುದು ಬೇರೆಯೇ ಇರುತ್ತದೆ. ನೆನಪಿನಲ್ಲಿ ಇಸವಿ ಜಾರುತ್ತದೆ. ಯಾವ ಪಾಸ್ಟರ ಕಾಲ ಎಂದು ಕೇಳಿದರೆ ನಿಲ್ಲುತ್ತದೆ.

ಸಮಾಧಿ ಭೂಮಿಯಲ್ಲಿ ಓದಬೇಕಾದದ್ದು ಯುರೋಪಿಯನ್ನರ ಕಲ್ಲುಗಳನ್ನು ಮಾತ್ರವಲ್ಲ. ಇಂಗ್ಲಿಷ್ ಹೆಸರುಗಳ ಸಮಾಧಿ ವಿವರದ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸಿಗುವ ಸಂಭವವಿದೆ. ಕನ್ನಡದಲ್ಲಿ ಕೆತ್ತಿದ ಉಪದೇಶಿಯ ಕಲ್ಲಿಗೆ ಅಂಥ ಎರಡನೆಯ ಪ್ರತಿ ಇರುವುದಿಲ್ಲ. ಅಕ್ಷರ ಸವೆದರೆ ಹೋಯಿತು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅದರ ಫೋಟೋ ತೆಗೆಯಬೇಕು, ಸುಣ್ಣ ಬಳಿದು ಓದುವ ಹಳೆಯ ಚಾಳಿ ಬಿಡಬೇಕು. ಕಲೆಹಾಕಿದ್ದರ ಒಂದೊಂದು ಪ್ರತಿಯನ್ನು ಚರ್ಚಿಗೆ, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಮತ್ತು ಬೆಂಗಳೂರಿನ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ, ಯಾವ ವಿವರ ಎಲ್ಲಿ ಸಿಕ್ಕಿತೆಂಬ ಟಿಪ್ಪಣಿಯೊಂದಿಗೆ ಕೊಟ್ಟಿಟ್ಟರೆ ಮುಂದೆ ಹುಡುಕುವವರು ಅಲ್ಲಿಂದ ಶುರು ಮಾಡಿಕೊಳ್ಳಬಹುದು.