ದರ ತಿಳಿದರೆ ಸಾಲದು, ದೋಣಿ ತಿರುಗಬೇಕು

1997ರ ಜನವರಿ 14ರಂದು ಕೇರಳದ ವಡಕರ ಕಡಲತೀರದಲ್ಲಿ 11 ಮಂದಿ ಮೀನುಗಾರರು ತಂದ ಬೂತಾಯಿಯನ್ನು ಕೊಳ್ಳುವವರಿರಲಿಲ್ಲ. ಮೀನನ್ನು ಚೆಲ್ಲುವುದೊಂದೇ ದಾರಿ. ಅದೇ ಹೊತ್ತಿಗೆ ಸುಮಾರು 15 ಕಿಲೋಮೀಟರ್ ಒಳಗಿನ ಬೇರೆ ಎರಡು ತೀರಗಳಲ್ಲಿ 27 ಮಂದಿ ಗಿರಾಕಿಗಳು ಮೀನು ಸಿಗದೆ ಹೊರಟು ನಿಂತಿದ್ದರು. ಇವರ ಸುದ್ದಿ ಅವರಿಗಿಲ್ಲ, ಅವರ ಸುದ್ದಿ ಇವರಿಗಿಲ್ಲ.

ಇದನ್ನು ದಾಖಲಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್. ಕಲ್ಲಿಕೋಟೆ, ಕಣ್ಣೂರು ಮತ್ತು ನಮ್ಮ ಗಡಿಗಂಟಿದ ಕಾಸರಗೋಡು ಜಿಲ್ಲೆಗಳ 300 ದೋಣಿಗಳ ಲೆಕ್ಕವನ್ನು 1996ರಿಂದ 2001ರವರೆಗೆ ವಾರವಾರವೂ ಬರೆಸಿದರು. ಅವರ ಅದೃಷ್ಟಕ್ಕೆ ಮೊಬೈಲ್ ಸೇವೆ ಮೂರೂ ಜಿಲ್ಲೆಗಳಿಗೆ ಒಟ್ಟಿಗೆ ಬರಲಿಲ್ಲ: ಕಲ್ಲಿಕೋಟೆಗೆ 1997ರಲ್ಲಿ, ಕಣ್ಣೂರಿಗೆ 1998ರಲ್ಲಿ, ಕಾಸರಗೋಡಿಗೆ 2000ದಲ್ಲಿ ಬಂತು. ಹಾಗಾಗಿ ಫೋನ್ ಬಂದ ಕಡೆಗೂ ಬಾರದ ಕಡೆಗೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಂಡಿತು.

ಟವರಿನ ಸಿಗ್ನಲ್ ಕಡಲಿನೊಳಗೆ 20–25 ಕಿಲೋಮೀಟರ್‌ವರೆಗೆ ಹೋಗುತ್ತಿತ್ತು. ಬಲೆ ಎಳೆದ ಮೇಲೆ ದೋಣಿಯಿಂದಲೇ ನಾಲ್ಕು ಕಡೆ ಫೋನ್ ಮಾಡುವುದು, ದರ ಕುದುರಿಸುವುದು, ಹೆಚ್ಚು ಕೊಡುವ ತೀರದತ್ತ ದೋಣಿ ತಿರುಗಿಸುವುದು ರೂಢಿಯಾಯಿತು. ಮೊದಲು ಹಿಡಿದ ಮೀನಿನಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ವ್ಯರ್ಥವಾಗುತ್ತಿತ್ತು. ಆಮೇಲೆ ಅದು ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಂಡು ತಿನ್ನುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಇಬ್ಬರಿಗೂ ಲಾಭ ಹೇಗಾಯಿತು ಅಂದರೆ, ಮರಳಿನ ಮೇಲೆ ಕೊಳೆಯುತ್ತಿದ್ದ ಮೀನು ತಟ್ಟೆಗೆ ಹೋಯಿತು. ಸಿಗ್ನಲ್‌ನಿಂದ ದುಡ್ಡು ಹುಟ್ಟುವ ಬಗೆ ಬಹುಪಾಲು ಇಷ್ಟೇ.

ಈ ವಿಷಯದಲ್ಲಿ ದೊಡ್ಡ ಅಂಕಿಗಳೂ ಓಡಾಡುತ್ತವೆ. ಅಭಿವೃದ್ಧಿಶೀಲ ದೇಶವೊಂದರಲ್ಲಿ ನೂರಕ್ಕೆ ಇನ್ನೂ ಹತ್ತು ಮಂದಿಗೆ ಬ್ರಾಡ್‌ಬ್ಯಾಂಡ್ ಸಿಕ್ಕರೆ ಆರ್ಥಿಕ ಬೆಳವಣಿಗೆ ದರ 1.38 ಶೇಕಡಾ ಅಂಶ ಏರುತ್ತದೆ ಎಂದು ವಿಶ್ವಬ್ಯಾಂಕಿನ 2009ರ ವರದಿಯೊಂದು ಹೇಳಿತ್ತು. ನನಗೆ ಅದಕ್ಕಿಂತ ಬೂತಾಯಿಯ ಲೆಕ್ಕದಲ್ಲೇ ನಂಬಿಕೆ ಹೆಚ್ಚು. ಕೈಯಲ್ಲಿ ಕಾಸಾಡುವ ದೇಶ ಇಂಟರ್ನೆಟ್ಟನ್ನೂ ಹೆಚ್ಚು ಕೊಳ್ಳುತ್ತದೆ. ಯಾವುದರಿಂದ ಯಾವುದಾಯಿತು ಎಂದು ಬಿಡಿಸುವುದು ಸುಲಭವಲ್ಲ.

ಕೇರಳದ ಆ ಫೋನುಗಳಲ್ಲಿ ಇಂಟರ್ನೆಟ್ ಇರಲಿಲ್ಲ, ಮಾತು ಮಾತ್ರ. ಇಂಟರ್ನೆಟ್‌ನ ಪಾಲು ತಿಳಿಯಲು ಆಫ್ರಿಕಾಕ್ಕೆ ಹೋಗಬೇಕು. ಸಮುದ್ರದಡಿಯ ಕೇಬಲ್ ಬಂದು ವೇಗದ ಇಂಟರ್ನೆಟ್ ದಕ್ಕಿದ ಊರುಗಳಲ್ಲಿ, ಓದು ಕಡಿಮೆ ಇದ್ದವರಿಗೂ ಕೆಲಸ ಹೆಚ್ಚಿತೆಂದು ಅರ್ಥಶಾಸ್ತ್ರಜ್ಞರಾದ ಹಯೋರ್ಟ್ ಮತ್ತು ಪೌಲ್ಸನ್ 2019ರ ಅಧ್ಯಯನದಲ್ಲಿ ತೋರಿಸಿದರು.

ಆದರೆ ಮಾಹಿತಿ ಮುಟ್ಟಿಸಿದರೆ ಎಲ್ಲ ಕಡೆ ಫಲ ಸಿಗುತ್ತದೆಯೇ? ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಇದರ ಪರೀಕ್ಷೆ ನಡೆಯಿತು. ಕೆಲವು ಹಳ್ಳಿಗಳ ರೈತರಿಗೆ ಒಂದು ವರ್ಷ ಮಾರುಕಟ್ಟೆ ದರ, ಹವಾಮಾನ, ಬೆಳೆ ಸಲಹೆಗಳನ್ನು ಉಚಿತವಾಗಿ ಎಸ್‌ಎಂಎಸ್ ಮೂಲಕ ಕಳಿಸಿದರು. ಎಸ್‌ಎಂಎಸ್ ಪಡೆದವರಿಗೂ ಪಡೆಯದವರಿಗೂ ಮಾಲಿಗೆ ಸಿಕ್ಕ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇತ್ತ ಮಧ್ಯಪ್ರದೇಶದಲ್ಲಿ ಐಟಿಸಿ ಕಂಪನಿಯ, ದರ ತಿಳಿಸುವ ಇ-ಚೌಪಾಲ್ ಕಂಪ್ಯೂಟರ್ ಹಳ್ಳಿಗೆ ಬಂದ ಮೇಲೆ ಮಂಡಿಗಳಲ್ಲಿ ಸೋಯಾ ದರ ಶೇ. 1ರಿಂದ 3ರಷ್ಟು ಏರಿತು. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇರುವುದು ಇಲ್ಲಿ: ಐಟಿಸಿ ದರ ಹೇಳಿ ಸುಮ್ಮನಾಗಲಿಲ್ಲ, ಅದೇ ಕಾಳನ್ನು ಕೊಳ್ಳಲು ಗೋದಾಮನ್ನೂ ತೆರೆದಿತ್ತು. ರೈತನಿಗೆ ಹೋಗಲು ಇನ್ನೊಂದು ಬಾಗಿಲಿತ್ತು. ಬಿತ್ತನೆಗೆ ಮುಂಗಡ ಕೊಟ್ಟ ದಲ್ಲಾಳಿಗೇ ಮಾಲು ಹಾಕಬೇಕಾದವನ ಫೋನಿಗೆ ಹತ್ತು ಊರಿನ ದರ ಬಂದರೂ ಅವನ ಗಾಡಿ ತಿರುಗುವುದಿಲ್ಲ.

ಕರ್ನಾಟಕದಲ್ಲಿ 2014ರಿಂದ ಎಪಿಎಂಸಿಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ಜೋಡಿಸಿದ್ದೂ ಇಂಥದೇ ಬಾಗಿಲು ತೆರೆಯಲು. ರೈತ ಮಾಲು ತಂದಾಗ ಪ್ರತಿ ಲಾಟಿಗೂ ಒಂದು ಸಂಖ್ಯೆ ಬೀಳುತ್ತದೆ. ಲೈಸೆನ್ಸ್ ಇರುವ ವರ್ತಕರು ಆನ್‌ಲೈನ್‌ನಲ್ಲಿ ಟೆಂಡರ್ ಹಾಕುತ್ತಾರೆ. ಪಕ್ಕದ ಅಂಗಡಿಯವನು ಎಷ್ಟು ಹಾಕಿದ ಎಂಬುದು ಕಾಣುವುದಿಲ್ಲ. ಅತಿ ಹೆಚ್ಚಿನ ದರ ರೈತನ ಮೊಬೈಲಿಗೆ ಬರುತ್ತದೆ, ಒಪ್ಪದಿದ್ದರೆ ಬೇಡವೆನ್ನಬಹುದು. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ವ್ಯವಸ್ಥೆಯಿಂದ ಭತ್ತ, ಶೇಂಗಾ, ಮೆಕ್ಕೆಜೋಳಗಳ ದರ ಶೇ. 3.5ರಿಂದ 5ರ ಆಸುಪಾಸಿನಲ್ಲಿ ಏರಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ.

ನೀವೂ ಬೆಳೆ ಮಾರುವವರಾದರೆ, ಮಾಲು ಹೇರುವ ಮುಂಚೆ ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಎರಡು ಮೂರು ಯಾರ್ಡುಗಳ ಅಂದಿನ ದರ ನೋಡಿ. ಲಾರಿ ಬಾಡಿಗೆ, ಹಮಾಲಿ, ಚೀಲದ ಖರ್ಚು ಕಳೆಯಿರಿ. ಕಳೆದ ಮೇಲೂ ದೂರದ ಯಾರ್ಡಿನಲ್ಲೇ ಹೆಚ್ಚು ಉಳಿಯುವುದಾದರೆ ಅಲ್ಲಿಗೇ ಒಯ್ಯಿರಿ.